ಅತ್ತೆಯ ರೂಮು ಕಾದ ಪ್ರಸಂಗ

ಮನೆ ರಿಪೇರಿಗೆ ಹೊರಗಿನವರನ್ನು ಕರೆಯುವುದು ಇಂಜಿನಿಯರ್ ಕುಲಕ್ಕೇ ಅವಮಾನ ಎಂದು ನಾನು ದೃಢವಾಗಿ ನಂಬಿದ್ದ ಕಾಲ ಅದು. ನಾನೇನು ಸಾಮಾನ್ಯ ಇಂಜಿನಿಯರೇ? ಎಲ್ಲರೂ ಡಾಟ್ ಕಾಮ್ ಎಂದು ಕುಣಿಯುತ್ತಿದ್ದಾಗ, ಅರ್ಧ ವರ್ಷ ಮಳೆಯೇ ಬಾರದ ಕ್ಯಾಲಿಫೋರ್ನಿಯಾದಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಛತ್ರಿ ಮಾರುವ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದವನು!

ಬರ್ಕ್ಲಿಯಲ್ಲಿ ನಾವು ಕೊಂಡ ಹಳೇ ಮನೆಗೆ ಬಿಸಿನೀರಿನ ಹೀಟಿಂಗು. ಗ್ಯಾರೇಜಿನ ಬಾಯ್ಲರಿನಲ್ಲಿ ಕಾದ ನೀರು ಪೈಪುಗಳಲ್ಲಿ ಹರಿದು ರೂಮುಗಳ ರೇಡಿಯೇಟರಿಗೆ ಬರುತ್ತದೆ. ಬಾಯ್ಲರಿನ ಪಕ್ಕದಲ್ಲೇ ಹಾಲಿಗೊಂದು, ನಮ್ಮ ರೂಮಿಗೊಂದು, ಗೆಸ್ಟ್ ರೂಮಿಗೊಂದು ವಾಲ್ವು. ಆಯಾ ರೂಮಿನ ಗೋಡೆಯ ಮೇಲಿನ, ಶಾಖ ಅಳೆಯುವ ಥರ್ಮೋಸ್ಟಾಟು ಹೇಳಿದಾಗ ವಾಲ್ವು ತೆರೆಯಬೇಕು, ಸಾಕು ಅಂದಾಗ ಮುಚ್ಚಬೇಕು. ಅಷ್ಟೇ. ನಮ್ಮನ್ನು ಕಾಪಾಡುವ ಯಂತ್ರವಲ್ಲವೇ ಎಂದು ಆಯುಧಪೂಜೆಯ ದಿನ ಕಾರು, ಕಂಪ್ಯೂಟರುಗಳ ಜೊತೆ ಬಾಯ್ಲರಿಗೂ ಕುಂಕುಮ ಇಟ್ಟು, ಸೇವಂತಿಗೆ ಹಾರ ಕಟ್ಟಿದ್ದೆ.

ನವೆಂಬರಿನಲ್ಲಿ ಮಂಡ್ಯದಿಂದ ಅತ್ತೆ ಬಂದರು. ಚಳಿಗೆ ಹೆದರಿ ಎಷ್ಟೋ ವರ್ಷ ಬರಲು ಒಪ್ಪದಿದ್ದವರು. ಯುಗಾದಿಯವರೆಗಾದರೂ ಅಮ್ಮ ಜೊತೆಗಿರಲಿ ಎಂದು ನನ್ನ ಹೆಂಡತಿ ವಸುಧಾಳ ಆಸೆ.

ಮಾರನೇ ಬೆಳಿಗ್ಗೆ ಅತ್ತೆ ಬೆವರುತ್ತಾ ಅಡುಗೆಮನೆಗೆ ಬಂದರು.

"ಅಳಿಯಂದ್ರೇ, ಚಳಿ ದೇಶ ಅಂದ್ರಿ. ನಾನೇನು ಹಪ್ಪಳಾನಾ, ಹಿಂಗೆ ಒಣಗಿಸೋಕೆ? ಕಿಟಕಿ ತೆಗೆದ್ರೆ ಐಸು, ಮುಚ್ಚಿದ್ರೆ ಒಲೆ!"

ಅವರು ಗಾಳಿ ಬೀಸಿಕೊಳ್ಳುತ್ತಿದ್ದದ್ದು ವಾಪಸ್ಸು ಹೋಗುವ ವಿಮಾನದ ಟಿಕೆಟ್ಟಿನಲ್ಲಿ.

"ನಂಗಿಲ್ಲಿ ಆಗಲ್ಲ ಕಣೇ ವಸು. ಬೇಗ ಕಳಿಸಿಬಿಡು."

ವಸುಧಾಳ ಕಣ್ಣು ತುಂಬಿತು. "ರೀ, ಪ್ಲಂಬರನ್ನ ಕರೀರಿ."

"ಪ್ಲಂಬರಾ? ನಾನಿರುವಾಗ?"

ಗೆಸ್ಟ್ ರೂಮಿನ ಥರ್ಮೋಸ್ಟಾಟನ್ನು ಪೂರ್ತಿ ಇಳಿಸಿದೆ. ರೂಮು ಕೇರ್ ಮಾಡಲಿಲ್ಲ. ಥರ್ಮೋಸ್ಟಾಟು ಸತ್ತಿದೆ ಎಂದು ತೀರ್ಪು ಕೊಟ್ಟು, ಹೊಸದು ತಂದು ಹಾಕಿ, ಅದನ್ನೂ ಪೂರ್ತಿ ಇಳಿಸಿದೆ. ರೂಮು ಇನ್ನಷ್ಟು ಕಾಯಿತು! ಹಾಗಾದರೆ ಗ್ಯಾರೇಜಿನಲ್ಲಿ ಥರ್ಮೋಸ್ಟಾಟುಗಳಿಂದ ವಾಲ್ವುಗಳಿಗೆ ಬರುವ ವೈರುಗಳು ಅದಲುಬದಲಾಗಿವೆ. ಬಾಯ್ಲರಿನ ಹಾರಕ್ಕೆ ಭಕ್ತಿಯಿಂದ ಕೈಮುಗಿದು, ನಮ್ಮ ರೂಮಿನ ವೈರನ್ನೂ ಗೆಸ್ಟ್ ರೂಮಿನ ವೈರನ್ನೂ ಬದಲಿಸಿದೆ.

ಫಲಿತಾಂಶ ತಕ್ಷಣ ಸಿಕ್ಕಿತು. ಅತ್ತೆಯ ರೂಮು ಒಲೆಯಾಗಿಯೇ ಉಳಿಯಿತು, ನಮ್ಮ ರೂಮು ಫ್ರಿಜ್ಜಾಯಿತು. ನಾನು ಪೂರ್ತಿ ಇಳಿಸಿಟ್ಟಿದ್ದ ಥರ್ಮೋಸ್ಟಾಟಿನ ಅಪ್ಪಣೆ ಈಗ ನಮಗೆ ನಡೆಯುತ್ತಿತ್ತು. ಅತ್ತೆ ತಮಗೆಂದು ತಂದಿದ್ದ ಎರಡೂ ಸ್ವೆಟರುಗಳನ್ನು ನಾನು, ವಸುಧಾ ಹಾಕಿಕೊಂಡು ಮಲಗಿದೆವು. ನನ್ನದು ಗುಲಾಬಿ ಬಣ್ಣದ್ದು.

"ಈಗ್ಲಾದ್ರೂ ಪ್ಲಂಬರು?" ಅಂದಳು.

"ಪೈಪಿನಲ್ಲಿ ಗಾಳಿ ಸೇರಿದೆ, ಅಷ್ಟೇ" ಅಂದೆ.

ಶನಿವಾರ ಅತ್ತೆಯ ರೂಮಿನ ರೇಡಿಯೇಟರಿನ ಮುಂದೆ ಕೂತೆ. ಗಾಳಿ ಬಿಡಲು ಅದಕ್ಕೊಂದು ಸಣ್ಣ ಸ್ಕ್ರೂ ಇರುತ್ತದೆ. ಸ್ವಲ್ಪವೇ ತಿರುಗಿಸಬೇಕು. ನಾನು ಉದಾರಿ. ಸ್ಕ್ರೂ ಕೈಗೇ ಬಂತು! ಕಪ್ಪು ನೀರು ಚಿಮ್ಮಿ ಸೀಲಿಂಗಿಗೂ ಪರದೆಗೂ ನನ್ನ ಮುಖಕ್ಕೂ ಸಮನಾಗಿ ಹಂಚಿಹೋಯಿತು.

"ಅಮ್ಮಾ! ಇಟ್ಸ್ ರೇನಿಂಗ್ ಇನ್ ಅಜ್ಜೀಸ್ ರೂಮ್!" ಎಂದು ಮಗಳು ಅನು ಕುಣಿದಾಡಿದಳು. ನಮ್ಮ ಕಂಪನಿಯ ಛತ್ರಿ ಉಪಯೋಗಕ್ಕೆ ಬಂದದ್ದು ಅವತ್ತು ಮಾತ್ರ.

ವಸುಧಾ ಟವೆಲು ಒತ್ತಿ ಹಿಡಿದಳು. ನಾನು ನೀರು ನಿಲ್ಲಿಸಲು ಗ್ಯಾರೇಜಿಗೆ ಓಡಿದೆ. ಹಿಂದೆಯೇ ಬಕೆಟ್ಟು ಹಿಡಿದು ಅತ್ತೆ ಓಡಿಬಂದರು. ಹೇಗೋ ನೀರು ನಿಂತಿತು. ಅತ್ತೆಯ ಕಣ್ಣು ಮಾತ್ರ ಬೇರೆಲ್ಲೋ ನಿಂತಿತ್ತು.

"ಅಯ್ಯೋ ಶಿವನೇ! ಬಾಡಿದ ಹಾರ ಇನ್ನೂ ತೆಗ್ದಿಲ್ವಾ? ಮನೆಗೆ ಒಳ್ಳೇದಲ್ಲ ಅಳಿಯಂದ್ರೇ!"

ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಆಗಲೂ ಬರಲಿಲ್ಲ.

"ಎಂಥಾ ದಾರ ಇದು? ಹೂವಲ್ಲಿ ಪುದೀನ ವಾಸ್ನೆ ಬೇರೆ!"

ಹೂ ಕಟ್ಟಲು ದಾರ ಸಿಗದೆ, ಹಲ್ಲಿನ ಸಂದು ಶುಚಿ ಮಾಡುವ ಫ್ಲಾಸ್ ದಾರದಲ್ಲಿ ಕಟ್ಟಿದ್ದೆ ಎಂದು ಒಪ್ಪಿಕೊಳ್ಳಬೇಕಾಯಿತು. ಅತ್ತೆ ಒಳಗಿನಿಂದ ಕತ್ತರಿ ತಂದು ಕತ್ತರಿಸಿದರು.

ಟಕ್!

ವಾಲ್ವಿನ ಪಕ್ಕದ ಪುಟ್ಟ ಹಿಡಿಯೊಂದು ಚಿಮ್ಮಿ ತನ್ನ ಜಾಗಕ್ಕೆ ಹೋಯಿತು. ವಾಲ್ವನ್ನು ಕೈಯಿಂದ ತೆರೆಯಲು ಇಟ್ಟ ಹಿಡಿ ಅದು. ಆಯುಧಪೂಜೆಯ ದಿನ ಹಾರ ಚೆನ್ನಾಗಿ ಕೂರಲಿ ಎಂದು ನಾನೇ ಅದನ್ನು ಎಳೆದು ದಾರದಲ್ಲಿ ಬಿಗಿದಿದ್ದೆ. ಅಂದಿನಿಂದ ಅತ್ತೆಯ ರೂಮಿನ ವಾಲ್ವು ಬಾಯಿ ಮುಚ್ಚಿರಲೇ ಇಲ್ಲ. ಹಾಲಿಗೆ ಹೀಟಿಂಗು ಹಾಕಿದಾಗಲೆಲ್ಲ ಬಿಸಿನೀರು ಅಲ್ಲಿಗೂ ನುಗ್ಗುತ್ತಿತ್ತು.

ಸ್ಕ್ರೂ ಕೂರಿಸಿ, ವೈರುಗಳನ್ನು ಮೊದಲಿನಂತೆ ಹಾಕಿದ ಮೇಲೆ ರೂಮು ಹಿತವಾಯಿತು. ಅತ್ತೆ ಚೆನ್ನಾಗಿ ನಿದ್ದೆ ಮಾಡಿ ಎದ್ದು, "ಯುಗಾದಿ ಏನು, ಮುಂದಿನ ದಸರಾನೂ ಇಲ್ಲೇ ಮಾಡ್ಬೋದು" ಎಂದರು. ವಸುಧಾ ಅಮ್ಮನನ್ನು ತಬ್ಬಿಕೊಂಡಳು. ನನಗೂ ಬಹಳ ಖುಷಿಯಾಯಿತು.

ಅದೇ ಖುಷಿಯಲ್ಲಿ, ನಲ್ಲಿಯೊಂದು ತೊಟ್ಟಿಕ್ಕುತ್ತಿದೆಯಲ್ಲ ಎಂದು ನನ್ನ ಟೂಲ್ ಬಾಕ್ಸ್ ಹುಡುಕಿದೆ. ಅದು ದೇವರ ಮುಂದಿತ್ತು. ಮೇಲೆ ಕುಂಕುಮ, ಹೂವು.

"ಪೂಜೆಗೆ ಇಟ್ಟಿದೀನಿ. ಮುಟ್ಟಬಾರದು" ಎಂದಳು ವಸುಧಾ.

"ಎಷ್ಟು ದಿನ?"

"ಅಮ್ಮ ಊರಿಗೆ ಹೋಗೋವರೆಗೆ."

ಹಾಲಿನಲ್ಲಿ ಅತ್ತೆ ಫೋನಿನಲ್ಲಿ ಮಂಡ್ಯಕ್ಕೆ ಹೇಳುತ್ತಿದ್ದರು: "ಇಲ್ಲ ಕಣೇ, ನಾನು ಸದ್ಯಕ್ಕೆ ಬರಲ್ಲ!"