ತಳಕ್ಕಿಳಿದ ತಣ್ಣೀರಿನ ಮೇಲೊಂದು ದೂರು

ಬಾವಿಯಿಂದ ಬಂದು ನನ್ನ ಡ್ರಮ್ಮಿನಲ್ಲಿ ನೆಲೆಸಿದ್ದ ಸಿಹಿನೀರಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ನನ್ನ ಮಾನ ಹೋದ ಮೇಲೂ ತಾವು ಡ್ರಮ್ಮಿನಲ್ಲಿ ತಣ್ಣಗೆ ಕುಳಿತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಈ ಕಡಲತೀರದ ಕೇರಿಯ ಅಂಗಡಿಕಾರ ಎಲಿಹಿಯೋ. ಕರೆಂಟ್ ಹೋದಾಗಲೆಲ್ಲ, ಅಂದರೆ ದಿನವೂ, ಡ್ರಮ್ಮಿಗೆ ನೀರು ತುಂಬಿ, ಮಂಜುಗಡ್ಡೆ ತೇಲಿಬಿಟ್ಟು, ಬಿಯರ್ ತಣ್ಣಗಿಡುವವನು.

ಕಳೆದ ಭಾನುವಾರ ಬಾದಾಮಿ ಮರದಡಿ ಡೊಮಿನೊ ಆಡುತ್ತಿದ್ದಾಗ, ಮೀನು ಮಾರುವ ಎದುವಿಹೆಸ್ ಅಮ್ಮನವರು ಬಂದು, "ಸಮುದ್ರದ ನೀರು ಹಾಕೋ ಎಲಿಹಿಯೋ, ಐಸ್ ಜಾಸ್ತಿ ಹೊತ್ತು ಇರುತ್ತೆ" ಎಂದರು. ಉಪ್ಪು ಮಂಜುಗಡ್ಡೆಯ ಶತ್ರುವೆಂದು ಹಸುಗೂಸಿಗೂ ಗೊತ್ತಿರುವಾಗ ನಾನು ಸುಮ್ಮನಿರುವುದುಂಟೇ? ಪಂದ್ಯ ಕಟ್ಟಿದೆ. ಅವರ ಡ್ರಮ್ಮಿಗೆ ಕಡಲ ನೀರು, ನನ್ನದಕ್ಕೆ ತಾವು, ಗಡ್ಡೆ ಎರಡಕ್ಕೂ ಒಂದೇ ಅಳತೆಯದು; ಯಾರದು ಮೊದಲು ಕರಗುವುದೋ ಅವರಿಗೆ ಸೋಲು. ನಾನು ಪಣಕ್ಕಿಟ್ಟದ್ದು ಡೊಮಿನೊ ಮೇಜಿನ ನನ್ನ ಕುರ್ಚಿಯನ್ನು, ಎಂದರೆ ಹತ್ತೊಂಬತ್ತು ವರ್ಷ ನನ್ನ ಜೋಡಿಯಾಗಿ ಎದುರು ಕುಳಿತ ತಾಂಕ್ರೇದೋನನ್ನು.

ಆಮೇಲೆ ತಾವು ತೋರಿದ ಕಾರ್ಯತತ್ಪರತೆಯನ್ನು ಎಷ್ಟು ಹೊಗಳಿದರೂ ಸಾಲದು. ಗಡ್ಡೆಯ ಬಳಿ ತಣ್ಣಗಾದವರು ಭಾರವಾಗಿ ತಳಕ್ಕಿಳಿಯುವುದು, ತಳದ ಬೆಚ್ಚನೆಯವರು ಮೇಲೇರಿ ಗಡ್ಡೆಯನ್ನು ತಬ್ಬಿಕೊಳ್ಳುವುದು, ಅವರೂ ತಣಿದು ಇಳಿಯುವುದು. ಯಾರೂ ಕೈ ಹಾಕಿ ಕಲಕದೆ ನಡೆದ ಇಂಥ ಪಾಳಿ ಕೆಲಸ ನಮ್ಮ ಯಾವ ಕಚೇರಿಯಲ್ಲೂ ಇಲ್ಲ. ಪಕ್ಕದ ಡ್ರಮ್ಮಿನಲ್ಲಾದರೋ ಕರಗಿದ ಸಿಹಿನೀರು ಭಾರದ ಉಪ್ಪುನೀರಿನ ಮೇಲೆಯೇ ತೇಲಿ, ಗಡ್ಡೆಗೆ ತಣ್ಣನೆಯ ಕಂಬಳಿ ಹೊದಿಸಿ, ಸೋಮಾರಿಯಂತೆ ಮಲಗಿತ್ತು. ಶಾಲೆಯ ಟೀಚರಮ್ಮ ಹೊಸ ಗಡ್ಡೆಗಳನ್ನು ಹಾಕಿ, ಶಾಯಿ ಹನಿಸಿ, ಇದನ್ನೆಲ್ಲ ತೋರಿಸಿಕೊಟ್ಟರು, ನಾನು ಸೋತ ಮೇಲೆ.

"ನಿನ್ನ ಐಸ್ ಎಲ್ಲೋ ಮಾರಾಯ? ಏಳು, ಕುರ್ಚಿ ಬಿಡು!" ಎಂದು ಎದುವಿಹೆಸ್ ಅಮ್ಮ ನಕ್ಕರು. ಎದ್ದೆ. ಈಗ ಅವರಿಬ್ಬರೂ ಜೋಡಿಯಾಗಿ ಗೆಲ್ಲುವುದನ್ನು ಅಂಗಡಿಯಿಂದ ನೋಡುತ್ತೇನೆ.

ಆದಕಾರಣ, ಬರುವ ಭಾನುವಾರದ ಮರುಪಂದ್ಯದಲ್ಲಿ ತಣ್ಣಗಾದವರು ಇದ್ದಲ್ಲೇ ನಿಲ್ಲಬೇಕೆಂದೂ, ಬೆಚ್ಚಗಿರುವವರು ತಳ ಬಿಟ್ಟು ಕದಲಬಾರದೆಂದೂ, ಭಾರವಾಗಲೇಬೇಕೆನಿಸಿದವರು ಸೋಮವಾರ ಆಗಬಹುದೆಂದೂ ವಿನಂತಿ.

ತಮ್ಮ ವಿಶ್ವಾಸಿ, ಆ ವಿಶ್ವಾಸದಿಂದಲೇ ಕೆಟ್ಟವನು,
ಎಲಿಹಿಯೋ

ವಿ.ಸೂ.: ಪಂದ್ಯಕ್ಕೆ ಮುನ್ನ ತಾಂಕ್ರೇದೋ ಅರ್ಧ ಮೂಟೆ ಉಪ್ಪನ್ನು ತಂದು ನನ್ನ ಡ್ರಮ್ಮಿನ ಪಕ್ಕ ಸದ್ದಿಲ್ಲದೆ ಇಟ್ಟಿದ್ದ. ಡೊಮಿನೊದಲ್ಲಿ ಜೋಡಿಗೆ ಬಾಯಿಬಿಟ್ಟು ಹೇಳುವಂತಿಲ್ಲ. ಅವನ ಕೈ ತುಸು ತಡೆದರೆ ಸಾಕು, ಅವನ ಬಳಿ ಯಾವ ಕಾಯಿ ಇದೆಯೆಂದು ತಿಳಿಯುತ್ತಿದ್ದವನು ನಾನು. ಅಂದು ಮಾತ್ರ, ಆ ಉಪ್ಪು ಡ್ರಮ್ಮಿಗೆಂದು ಹೊಳೆಯದೆ, ಅವನಿಗೆ ಕೊಟ್ಟ ಕರಿದ ಬಾಳೆಕಾಯಿಗೆ ಉಪ್ಪು ಸಾಲದೆಂದು ತಿಳಿದು, ಒಂದು ಚಿಟಿಕೆ ಉದುರಿಸಿ ತಟ್ಟೆಯನ್ನು ಅವನ ಮುಂದಿಟ್ಟೆ. ಅವನು ನನ್ನ ಮುಖವನ್ನೇ ನೋಡುತ್ತ ತಿಂದ. ಈ ತಪ್ಪನ್ನೂ ತಮ್ಮ ತಲೆಗೆ ಕಟ್ಟಲು ವಾರವಿಡೀ ಯತ್ನಿಸಿದೆ, ಆಗಲಿಲ್ಲ.