ಮಿಕ್ಸಿಯ ಮರೆಯಲ್ಲಿ

ಮಹಾನಗರದಲ್ಲಿದ್ದಷ್ಟು ಕಾಲ ಹೆಡ್ ಗುಮಾಸ್ತರು ಹೆಂಡತಿಯೊಡನೆ ನೆಮ್ಮದಿಯಾಗಿ ಜಗಳವಾಡಿಕೊಂಡಿದ್ದರು. ಬಸ್ಸು, ಲಾರಿಗಳ ಗದ್ದಲದಲ್ಲಿ ಅವರ ಜಗಳ ಪಕ್ಕದ ಮನೆಗೆ ಕೇಳುತ್ತಿರಲಿಲ್ಲ. (ಒಮ್ಮೊಮ್ಮೆ ಅವರಿಗೇ ಕೇಳುತ್ತಿರಲಿಲ್ಲ.) ಈ ಸಣ್ಣ ಊರಿಗೆ ವರ್ಗವಾಗಿ ಬಂದದ್ದೇ ತಡ, ಸಂಸಾರಕ್ಕೆ ಸಂಚಕಾರ ಬಂತು. ಇಲ್ಲಿ ಮಧ್ಯಾಹ್ನ ಒಬ್ಬರು ಸೀನಿದರೆ ಸಂಜೆಯೊಳಗೆ ಇಡೀ ಬೀದಿ ಬಂದು ನೆಗಡಿ ವಿಚಾರಿಸುತ್ತದೆ. ಅಂಥ ಊರಲ್ಲಿ ದನಿಯೆತ್ತಿ ಜಗಳವಾಡುವುದೆಂದರೆ ಡಂಗುರ ಸಾರಿದಂತೆಯೇ ಸರಿ.

ಗುಮಾಸ್ತರಿಗೋ ಇದು ಮಾನದ ಪ್ರಶ್ನೆ. ತಾವು ಒಮ್ಮೆ ಗದರಿದರೆ ಮನೆಯೇ ಗಪ್‌ಚಿಪ್ಪಾಗುತ್ತದೆಂದು ಬಂದ ಹೊಸದರಲ್ಲೇ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಕೊಚ್ಚಿಕೊಂಡುಬಿಟ್ಟಿದ್ದರು. ಆ ಮಾನ ಉಳಿಯಬೇಕಲ್ಲ? ಅವರ ಮಹಾಮೇಧೆಗೆ ಒಂದು ಉಪಾಯ ಹೊಳೆಯಿತು. ಜಗಳದ ಮುನ್ಸೂಚನೆ ಕಂಡೊಡನೆ ಅಡುಗೆಮನೆಗೆ ಓಡಿ, ಖಾಲಿ ಜಾರಿಟ್ಟು ಮಿಕ್ಸಿ ಹಾಕಿಬಿಡುವುದು. ಹಳೆಯ ಮಿಕ್ಸಿ, ಹಾಕಿದರೆ ಗೋಡೆಯ ಕ್ಯಾಲೆಂಡರೂ ನಡುಗುತ್ತಿತ್ತು.

ಹೆಂಡತಿ ಹಣೆ ಚಚ್ಚಿಕೊಂಡರೂ ಒಪ್ಪಿದಳು. ಷರತ್ತು ಒಂದೇ: ಹಾಕುವುದು ಅವರು, ಆರಿಸುವುದು ತಾನು. (ಇಲ್ಲಿ ಗುಮಾಸ್ತರು ಸ್ವಲ್ಪ ಯೋಚಿಸಬೇಕಿತ್ತು. ಯೋಚಿಸುವವರಾಗಿದ್ದರೆ ಇಷ್ಟು ಹೊತ್ತಿಗೆ ಸಾಹೇಬರೇ ಆಗಿರುತ್ತಿದ್ದರು.) ತಾನು ಗೆದ್ದೆನೆಂದು ಖಾತ್ರಿಯಾದ ಗಳಿಗೆಯಲ್ಲಿ ಆಕೆ ಸ್ವಿಚ್ಚು ಆರಿಸುತ್ತಿದ್ದಳು. ಹೀಗೆ ದಿನಗಳು ಸಲೀಸಾಗಿ ಉರುಳಿದವು.

ಒಂದು ದಿನ ಜಗಳದ ನಟ್ಟನಡುವೆ ಮಿಕ್ಸಿ ಹೊಗೆ ಕಾರಿ ನಿಂತುಬಿಟ್ಟಿತು. ರಿಪೇರಿಗೆ ಕೊಟ್ಟದ್ದು ವಾರವಾದರೂ ಬರಲಿಲ್ಲ. ಗಂಡ ಹೆಂಡತಿ ಸನ್ನೆಯಲ್ಲೇ ಸಿಡುಕುತ್ತ ಕಾಲ ತಳ್ಳಿದರು. ಆಗ ಎದುರುಮನೆಯ ನಿವೃತ್ತ ಟೀಚರಮ್ಮ ತಮ್ಮ ಮಿಕ್ಸಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದರು.

"ವಾರದಿಂದ ನಿಮ್ಮನೇಲಿ ಸದ್ದೇ ಇಲ್ಲ. ಮಾತು ಬಿಟ್ಟಿದೀರೇನೋ ಅಂತ ಎಲ್ರಿಗೂ ಯೋಚನೆ ಆಗಿದೆ. ಸದ್ಯಕ್ಕೆ ಇದನ್ನ ಇಟ್ಕೊಳ್ಳಿ."

ಮಿಕ್ಸಿ ಹಾಕುವುದು ಅಡುಗೆಗೆ ಮಾತ್ರ ಎಂದು ಗುಮಾಸ್ತರು ಏನೇನೋ ತೊದಲಿದರು. ಟೀಚರಮ್ಮನಿಗೆ ಅಯ್ಯೋ ಪಾಪ ಎನಿಸಿತು.

"ಮುಚ್ಚುಮರೆ ಯಾಕೆ ಸರ್? ಜಗಳ ನಮಗೇನೂ ಕೇಳ್ಸಲ್ಲ. ಮಿಕ್ಸಿ ನಿಂತ ತಕ್ಷಣ ನೀವು ಕಿರುಚೋದು ಮಾತ್ರ ಕೇಳ್ಸತ್ತೆ. 'ಆಯ್ತಮ್ಮ, ತಪ್ಪು ನಂದೇ' ಅಂತ."

ಗುಮಾಸ್ತರಿಗೆ ಈಗ ಎಲ್ಲ ಹೊಳೆಯಿತು. ಮಿಕ್ಸಿಯ ಸದ್ದನ್ನು ಮೀರಿಸಲು ಗಂಟಲು ಹರಿದುಕೊಳ್ಳುತ್ತಿದ್ದವರಿಗೆ, ಅದು ತಟ್ಟನೆ ನಿಂತಾಗ ದನಿ ಇಳಿಸಲು ಪುರುಸೊತ್ತಾದರೂ ಎಲ್ಲಿ? ಅವರ ವಾದ, ಗುಡುಗು, ಆಣೆ ಪ್ರಮಾಣ ಎಲ್ಲವನ್ನೂ ಆ ಮಿಕ್ಸಿ ನುಣ್ಣಗೆ ಅರೆದುಹಾಕಿ ಶರಣಾಗತಿಯನ್ನಷ್ಟೇ ಬೀದಿಗೆ ಬಡಿಸಿತ್ತು. ಕ್ಷೌರದಂಗಡಿಯವರು ತಮ್ಮ ಮಾತಿಗೆ ಅಷ್ಟು ಭಕ್ತಿಯಿಂದ ತಲೆಯಾಡಿಸುತ್ತಿದ್ದುದನ್ನು ನೆನೆದು ಅವರಿಗೆ ಅಳುವೇ ಬಂದಂತಾಯಿತು.

ಟೀಚರಮ್ಮ ಮೆಟ್ಟಿಲಿಳಿಯುತ್ತಲೇ ಅವರು ಕಿಟಕಿಗಳನ್ನೆಲ್ಲ ಧಡಧಡನೆ ತೆರೆದರು. ಇವತ್ತು ಜಗಳ ಮೊದಲಿಂದ ಕೊನೆಯವರೆಗೆ ಬೀದಿಗೆ ಕೇಳಲಿ, ಲೋಕವೇ ನ್ಯಾಯ ಹೇಳಲಿ. ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಮುಂದೆ ನಿಂತು, ಈ ಮನೆಯಲ್ಲಿ ಯಜಮಾನನ ಮಾತಿಗೆ ಕವಡೆ ಕಿಮ್ಮತ್ತೂ ಇಲ್ಲವೆಂದೂ, ನಲ್ಲಿ ತಾವೇ ಸರಿಮಾಡುತ್ತೇವೆಂದರೂ ಪ್ಲಂಬರಿಗೇ ಜೋತುಬೀಳುವುದು ಗಂಡನಿಗೆ ಮಾಡುವ ಮಹಾಪಮಾನವೆಂದೂ ಊರಿಗೆಲ್ಲ ಕೇಳುವಂತೆ ಭಾಷಣ ಬಿಗಿದರು.

ಹೆಂಡತಿ ಬಟ್ಟೆಯಿಂದ ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. "ಸರಿಮಾಡ್ತೀನಿ ಅಂತ ಹೋದ ತಿಂಗಳು ನಲ್ಲಿ ಕಿತ್ತಿಟ್ಟಿದ್ದು ಯಾರು? ಅವತ್ತಿಂದ ಬಚ್ಚಲಿಗೆ ಬಕೆಟ್ಟಲ್ಲಿ ನೀರು ಹೊರ್ತಿರೋದು ಯಾರು?"

ಬೀದಿಯಲ್ಲಿ ಪಿಟ್ಟೆಂಬ ಸದ್ದಿಲ್ಲ. ಗುಮಾಸ್ತರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಎದುರುಮನೆಯ ಕಿಟಕಿಯಿಂದ ಟೀಚರಮ್ಮನ ದನಿ ತೇಲಿ ಬಂತು.

"ಸರ್, ಈ ಸಲ ಪೂರ್ತಿ ಕೇಳಿಸ್ಕೊಂಡ್ವಿ. ತಪ್ಪು ನಿಮ್ಮದೇ. ಪ್ಲಂಬರಿಗೆ ಹೇಳಿ ಕಳ್ಸಿದೀವಿ, ಅವನು ಬಂದಾಗ ನೀವು ಸ್ವಲ್ಪ ಹೊರಗಡೆ ಕೂತಿರಿ."