ಪಾಂಪ್ಲೆಟ್ಟು ಖಾಲಿ ಬಿಟ್ಟ ಸೊಸೆ

ಪ್ರಿಂಟಿಂಗ್ ಪ್ರೆಸ್ಸಿನವರ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ನಗೋದಕ್ಕೆ ಅಂತ ಟೀವಿ ಹಾಕಿದ್ದೇ ಇಲ್ಲ. ಗಿರಾಕಿ ಬಂದು ಎದುರು ಕೂತರೆ ಸಾಕು. ಪಾಂಡವಪುರದಲ್ಲಿ ನಮ್ಮ ಮಾವನದು ಹಳೇ ಪ್ರೆಸ್ಸು. ಅವರು ಮಿಷನ್ನು ನೋಡ್ಕೋತಾರೆ, ನಾನು ಕಂಪ್ಯೂಟರಿನಲ್ಲಿ ಡಿಸೈನ್ ಮಾಡ್ತೀನಿ. ನನ್ನ ಡಿಸೈನ್ ಬಲು ಚೆನ್ನಾಗಿರುತ್ತೆ. ಇದನ್ನ ಬೇರೆಯವರು ಹೇಳಲಿ ಅಂತ ಕಾದೂ ಕಾದೂ ಸಾಕಾಗಿ ನಾನೇ ಹೇಳ್ತಿದ್ದೀನಿ.

ನನ್ನದು ಒಂದೇ ಹಟ: ಪಾಂಪ್ಲೆಟ್ಟಿನಲ್ಲಿ ಒಂದೇ ಮಾತಿರಬೇಕು, ಮಿಕ್ಕ ಜಾಗ ಖಾಲಿ ಇರಬೇಕು. ಮಾವನಿಗೆ ಖಾಲಿ ಜಾಗ ಕಂಡರೆ ಹೊಟ್ಟೆ ಉರಿ.

"ಗಿರಾಕಿ ಪೂರ್ತಿ ಕಾಗದಕ್ಕೆ ಕಾಸು ಕೊಟ್ಟವ್ನೆ ಕಣವ್ವಾ. ಅರ್ಧ ಖಾಲಿ ಬುಟ್ರೆ ಮೋಸ ಮಾಡ್ದಂಗೆ!"

ಮೂವತ್ತೊಂದು ಮುಖ

ಬಾಬುರಾಯನಕೊಪ್ಪಲಿನಲ್ಲಿ ಒಬ್ಬರು ನಾಟಿಕೋಳಿ ಹೋಟೆಲು ಶುರು ಮಾಡಿದರು. ಮೈಸೂರು ರಸ್ತೆಯ ಕಾರಿನವರಿಗೆ ಹಂಚೋಕೆ ಪಾಂಪ್ಲೆಟ್ಟು ಬೇಕು ಅಂದರು. ನಾನು ಮುದ್ದೆ, ಸಾರಿನ ಫೋಟೋ ದೊಡ್ಡದಾಗಿ ಇಟ್ಟೆ. ಅವರ ಮುಖ ಸಪ್ಪಗಾಯಿತು.

"ನಮ್ ಭಾವನ ಫೋಟೋ ಎಲ್ಲವ್ವಾ? ಶುಭ ಕೋರೋರು ಇಲ್ದೆ ಯಾರಾದ್ರೂ ಪಾಂಪ್ಲೆಟ್ ಮಾಡ್ತಾರಾ?"

ಭಾವ ಬಂದರು. ಭಾವನನ್ನು ಹಾಕಿ ಚಿಕ್ಕಪ್ಪನನ್ನು ಬಿಟ್ಟರೆ ಜಗಳ, ಹಾಗಾಗಿ ಚಿಕ್ಕಪ್ಪನೂ ಬಂದರು. ಮಾವ ನನ್ನ ಪಕ್ಕ ನಿಂತು, "ಅಲ್ಲೊಂದು ಸಂದಿ ಐತೆ, ಅಲ್ಲೊಬ್ರನ್ನ ಹಾಕು" ಅಂತ ತೋರಿಸ್ತಾನೇ ಇದ್ದರು. ಕೊನೆಗೆ ಮೂವತ್ತೊಂದು ಮುಖ ಕೂತವು. ಮುದ್ದೆ ಮೂಲೆಯಲ್ಲಿ ಗೋಲಿಯಷ್ಟಾಯಿತು.

ಪಾಂಪ್ಲೆಟ್ಟು ಇಸ್ಕೊಂಡ ಕಾರಿನವರೊಬ್ಬರು ಕೇಳಿದರಂತೆ: "ಮನೆಯವರೇ ಇಷ್ಟು ಜನ ಇದ್ದೀರಲ್ಲ, ನಮಗೆ ಸಾರು ಉಳಿಯುತ್ತಾ?"

ಹಪ್ಪಳ ಬೇಕಾದ್ರೆ ತೆಗೀರಿ

ಕಾರಿನವರ ಆ ಮಾತನ್ನೇ ಹಿಡ್ಕೊಂಡು ನಾನು ಮಾವನ ಜೊತೆ ವಾದಕ್ಕೆ ನಿಂತೆ. ಅವರಿಗೂ ರೇಗಿತು.

"ಆಯ್ತು, ಇನ್ನೆರಡು ಕೆಲಸ ನಿನ್ ಇಷ್ಟದಂಗೇ ಮಾಡು. ಒಬ್ಬ ಗಿರಾಕಿನಾದ್ರೂ ಮೆಚ್ಚುದ್ರೆ ಸರಿ. ಇಲ್ದಿದ್ರೆ ನಾನು ಹೇಳ್ದಂಗೆ ಟೈಪ್ ಮಾಡ್ಕೊಂಡು ಕೂತ್ಕೊ. ಡಿಸೈನು ಗಿಸೈನು ಅನ್ನಂಗಿಲ್ಲ."

ಮನೆಯಲ್ಲಿ ಎಲ್ಲ ಅವರದ್ದೇ. ನನ್ನದು ಅಂತ ಇದ್ದಿದ್ದು ಇದೊಂದು ಕೆಲಸ.

ಮೊದಲು ಬಂದವರು ಕೆ.ಆರ್. ಪೇಟೆಯ ಟೈಲರಮ್ಮ. ಬ್ಲೌಸು, ಫಾಲ್, ಸೀರೆ ಕುಚ್ಚು, ಮೆಹಂದಿ, ಟ್ಯೂಷನ್ನು, ಅಕ್ಕಿ ಹಪ್ಪಳ, ಆರೂ ಒಂದೇ ವಿಸಿಟಿಂಗ್ ಕಾರ್ಡಿನಲ್ಲಿ ಬೇಕಂತೆ. ನಾನು ಎಲ್ಲ ತೆಗೆದು, ಒಂದು ಸೂಜಿ ಚಿತ್ರ ಬರೆದು, ಕೆಳಗೆ ಒಂದೇ ಸಾಲು ಹಾಕಿದೆ: ‘ಹೇಳಿದ ದಿನವೇ ಬ್ಲೌಸು ಕೈಗೆ.’ ಅಬ್ಬಾ, ಏನು ಚೆಂದ ಕಾಣ್ತಿತ್ತು! ಟೈಲರಮ್ಮ ಓದಿದವರೇ ಗಾಬರಿ ಬಿದ್ದರು.

"ಅಯ್ಯೋ ಅಕ್ಕಾ, ನಮ್ಮ ಹೊಟ್ಟೆ ಮೇಲೆ ಹೊಡೀಬ್ಯಾಡಿ! ಬೇಕಾದ್ರೆ ಹಪ್ಪಳ ತೆಗೀರಿ, ಟ್ಯೂಷನ್ ತೆಗೀರಿ. ಹೇಳಿದ ದಿನ ಕೊಡದು ಮಾತ್ರ ನಮ್ ಕೈಲಾಗಕಿಲ್ಲ."

ಮಾವ ಗೆದ್ದ ಖುಷಿಯಲ್ಲಿ ಆರೂ ಸೇರಿಸಿ ಕಾರ್ಡು ಮಾಡಿಕೊಟ್ಟರು. ಆ ಕಾರ್ಡನ್ನ ಮಾವನೂ ಹೇಳಿದ ದಿನ ಕೊಡಲಿಲ್ಲ.

ಅಂಗಡಿ ತುಂಬ ಟಗರು

ಉಳಿದದ್ದು ಒಂದೇ ಕೆಲಸ. ಬಿಂಡಿಗನವಿಲೆ ಕಡೆಯಿಂದ ಕುರಿ ಸಾಕೋ ಒಬ್ಬ ಬಂದು ಮೊಬೈಲಿನಲ್ಲಿ ತನ್ನ ಟಗರಿನ ಫೋಟೋ ತೋರಿಸಿದ. ಏನು ಗತ್ತು ಅದಕ್ಕೆ! ಪಾಂಪ್ಲೆಟ್ಟಿನ ಮುಂದುಗಡೆ ಆ ಟಗರು, ‘ಟಗರು ಬೇಕಾ?’ ಅಂತ ಒಂದು ಸಾಲು, ಫೋನ್ ನಂಬರು. ಹಿಂಬದಿ ಪೂರ್ತಿ ಖಾಲಿ.

ಮಾವ ಪಾಂಪ್ಲೆಟ್ಟನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. "ಇಂಕು ಮುಗುದೋಗಿತ್ತಾ?" ಅಂದರು.

ಒಂದು ವಾರ ಸುದ್ದಿಯಿಲ್ಲ. ಎಂಟನೇ ದಿನ ಕುರಿಯವನು ದಡಬಡ ಅಂತ ಬಂದ. ಮಾವ ನನಗೆ ಬೀಳೋ ಬೈಗುಳ ಕೇಳೋಕೆ ಕುರ್ಚಿ ಎಳ್ಕೊಂಡು ಕೂತರು.

"ಅಕ್ಕಾ, ನಾಗಮಂಗಲದ ಸಂತೇಲಿ ಹಂಚ್ದೆ. ಹೆಂಗಸ್ರು ಮನೆಗೆ ತಕೊಂಡೋಗಿ ಹಿಂಬದೀಲಿ ದಿನಸಿ ಚೀಟಿ ಬರ್ಕೊಂಡವ್ರೆ. ಅಂಗಡಿಯವ್ನು ಒಂದೊಂದಾಗಿ ನೋಡ್ಕೊಂಡು ಸಾಮಾನು ಕಟ್ಟಕ್ಕೆ ಅಂತ ಚೀಟಿನೆಲ್ಲ ದಾರಕ್ಕೆ ಸಿಗಸ್ತಾನೆ. ಅಂಗಡಿ ತುಂಬ ನನ್ ಟಗರೇ ನೇತಾಡ್ತಾವೆ! ನಿಂತೋರೆಲ್ಲ ಅದ್ನೇ ನೋಡಿ ನೋಡಿ ಫೋನ್ ಮಾಡುದ್ರು. ಒಂದೂ ಉಳೀದಂಗೆ ಮಾರೋದ್ವು!"

ಇದನ್ನೆಲ್ಲ ಮೊದಲೇ ಯೋಚಿಸಿದ್ದವಳ ಹಾಗೆ ನಾನು ತಲೆಯಾಡಿಸಿದೆ. ಸತ್ಯ ಹೇಳಬೇಕಂದ್ರೆ ದಿನಸಿ ಚೀಟಿ ನನ್ನ ಕನಸಿನಲ್ಲೂ ಬಂದಿರಲಿಲ್ಲ. ಆದರೆ ಹಿಂಬದಿ ಖಾಲಿ ಬಿಟ್ಟವಳು ನಾನೇ ತಾನೆ? ಹೆಮ್ಮೆ ಪಡೋದಕ್ಕೆ ಅಷ್ಟು ಸಾಕು.

"ಎಲ್ಲಾ ಮಾರೋದ್ ಮೇಲೆ ಮತ್ಯಾಕ್ಲಾ ಬಂದೆ?" ಮಾವ ಕೇಳಿದರು.

"ಫೋನು ನಿಲ್ತಾನೇ ಇಲ್ಲ ಯಜಮಾನ್ರೇ, ಉಣ್ಣಕ್ಕೂ ಬುಡ್ತಿಲ್ಲ. ಟಗರು ಇಲ್ಲ ಅಂತ ಇನ್ನೊಂದು ಪಾಂಪ್ಲೆಟ್ ಮಾಡ್ಕೊಡಿ."

ಮಾವ ಎದ್ದು ಹೋಗಿ, ಹೊಸ ಕಾಗದದ ಕಟ್ಟು ತಾವೇ ಬಿಚ್ಚಿ ತಂದು ನನ್ನ ಮುಂದಿಟ್ಟರು.

"ಮಾಡ್ಕೊಡವ್ವಾ. ಈ ಸಲ ಎರಡೂ ಕಡೆ ಖಾಲಿ ಬುಟ್ರೂ ನಾನು ಕೇಳಕಿಲ್ಲ."